ಬಾದಲ ತಿಂದ ಹುರುಳಿ

ನನ್ನ ಕಣ್ಣಾಣೆ ಇದು ನಡೆದದ್ದೇ. ಕುದುರೆ ಮಾತು ಈ ಪೇಟೇಲಿ ತಿಳಿಯೋದು ನನಗೊಬ್ಬನಿಗೇ, ಅದಕ್ಕೆ ಹೇಳ್ತೀನಿ.

ಜಟಕಾ ಪಂದ್ಯ ಗೆಲ್ಲಲಿ ಅಂತ ಪ್ಯಾರೂಸಾಬ ತನ್ನ ಎಳೇ ಕುದುರೆ ಬಾದಲನ್ನ ಮೂರು ದಿನ ಗೂಟದಿಂದ ಬಿಚ್ಚದೆ, ಮುದ್ದಿನಿಂದ ಹೊಟ್ಟೆ ಬಿರಿಯ ಹುರುಳಿ ತಿನ್ನಿಸಿದ. ಪಕ್ಕದ ಗೂಟದ ಮುದಿ ಹೆಣ್ಣುಕುದುರೆ ಮೋತಿ ಅಂದ್ಲು: "ಮಗಾ, ದುಡಿಮೆ ಇಲ್ದ ದಿನ ಅರ್ಧ ಹೊಟ್ಟೆ ಸಾಕು. ಓಡೋ ಮುಂಚೆ ಒಂದಿಷ್ಟು ನಡೆದು ಮೈ ಬೆಚ್ಚಗೆ ಮಾಡ್ಕೋ. ಇಲ್ದಿದ್ರೆ ಸೊಂಟದ ಮಾಂಸ ಕಲ್ಲಾಗ್ತದೆ."

"ನಿಂಗೆ ಹಲ್ಲಿಲ್ಲ, ಅದಕ್ಕೇ ಹೊಟ್ಟೆಕಿಚ್ಚು ಕಣಜ್ಜಿ!"

ಪಂದ್ಯದ ದಿನ ಬಾದಲ, ಓಟಕ್ಕಿಳಿದಿದ್ದ ಮೋತೀನೂ ಸೇರಿ ಎಲ್ಲರ್ನೂ ಹಿಂದೆ ಹಾಕಿ ಹಾರಿದ. ಅರ್ಧ ದಾರೀಲಿ ಹಿಂಗಾಲು ಸೆಟೆದು, ಬೆವರು ಸುರಿಸ್ತಾ ನಿಂತ್ಬಿಟ್ಟ. ಸಾಬ ಗಾಬರಿಯಿಂದ ಲಗಾಮು ಹಿಡಿದು ಎಳೀತಿದ್ದ.

"ಅಜ್ಜೀ, ಕಾಲು ನನ್ನ ಮಾತೇ ಕೇಳ್ತಿಲ್ಲ!"

ಹಿಂದೇನೇ ಬಂದ ಮೋತಿಗೆ ಮುಂದೆ ಬರೀ ಖಾಲಿ ದಾರಿ, ಗೆಲುವು ಅವಳದೇ. ಆದ್ರೂ ಅವಳು ಬಾದಲನ ಪಕ್ಕ ಗಕ್ಕನೆ ನಿಂತ್ಲು. "ಒಂದು ಹೆಜ್ಜೇನೂ ಇಡಬೇಡ ಮಗಾ. ನನಗೆ ಒರಗಿಕೋ, ಮೈ ಬಿಸಿ ಆರದೇ ಇರ್ಲಿ."

ಅವಳ ಗಾಡಿಯವನು ಎಷ್ಟು ಬೈದ್ರೂ ಮೋತಿ ಕದಲಲಿಲ್ಲ. ಅದನ್ನ ಕಂಡು ಸಾಬ ಲಗಾಮು ಬಿಟ್ಟು ಕಂಬಳಿ ಹೊದಿಸಿದ. ಸಂಜೆಗೆ ಬಾದಲ ಮೆಲ್ಲಗೆ ಕಾಲೆತ್ತಿದ.

ಮೋತಿ ಮೇಲೆ ನಾನು ಬಾಜಿ ಕಟ್ಟಿ ಕಳಕೊಂಡಿದ್ದು ಇಪ್ಪತ್ಮೂರು ರೂಪಾಯಿ ಎಂಟಾಣೆ.