ಚಿಗರಿಯನ್ನು ಕರೆಯುವುದು

ಇದು ನಡೆದದ್ದು ದೀಪಾವಳಿ ಕಳೆದ ಮೇಲೆ, ಕುರಿಗಾರರು ಹೊಳೆದಂಡೆಯ ಹೊಲಗಳಿಗೆ ಬಂದು ಇಳಿಯುವ ದಿನಗಳಲ್ಲಿ.

ಘಟಪ್ರಭೆಯ ದಂಡೆಯ ಮೇಲೆ ಒಂದು ಚಿಕ್ಕ ಮಠ. ಅಲ್ಲಿ ಇಬ್ಬರು ಮನುಷ್ಯರು, ಒಂದು ನಾಯಿ. ಹಿರಿಯರು ಅಡವಿಸ್ವಾಮಿಗಳು, ಸುತ್ತಲಿನ ಊರುಗಳಿಗೆಲ್ಲ ಅವರು ಅಜ್ಜಾರು. ಕಿರಿಯವನು ನಿರುಪಾದಿ, ಅವರ ಶಿಷ್ಯ. ನಾಯಿಯ ಹೆಸರು ಚಿಗರಿ.

ಚಿಗರಿಯದು ಬೇಟೆನಾಯಿಯ ತಳಿ. ಉದ್ದ ಕಾಲು, ಬೆನ್ನಿಗಂಟಿದ ಹೊಟ್ಟೆ, ನೆಲಕ್ಕೆ ಊರದ ಪಾದ. ಸಾಕಲಾರದ ಭಕ್ತರೊಬ್ಬರು ಅದು ಮರಿಯಿದ್ದಾಗ ಮಠಕ್ಕೆ ಕಾಣಿಕೆ ಎಂದು ಬಿಟ್ಟು, ತಿರುಗಿ ನೋಡದೆ ಹೋಗಿದ್ದರು.

ಅದು ಅಜ್ಜಾರ ಪಾದುಕೆ ಕಡಿಯಿತು. ಬಿಲ್ವಪತ್ರಿ ಗಿಡದ ಬುಡ ಅಗೆಯಿತು. ರೊಟ್ಟಿ ಬುಟ್ಟಿಗೆ ಬಾಯಿ ಹಾಕಿತು. ಇದೆಲ್ಲ ಮಠದ ಒಳಗಿನ ಸಂಗತಿ.

ಆ ದಿನ ಅದು ಗೋಡೆ ಹಾರಿತು.

ಸ್ವಲ್ಪ ಹೊತ್ತಿಗೆ ಕುರಿಗಾರರ ಮಾಳವ್ವ ಮಠದ ಅಂಗಳಕ್ಕೆ ಬಂದಳು. ಹೆಗಲ ಮೇಲೆ ಕಂಬಳಿ, ಕೈಯಲ್ಲಿ ಒಂದು ಕೊರಳಪಟ್ಟಿ, ಪಟ್ಟಿಯೊಳಗೆ ಒದ್ದಾಡುವ ಚಿಗರಿ.

"ಏನ್ರಿ ಮರಿದೇವರ," ಎಂದಳು ನಿರುಪಾದಿಗೆ, "ನಮ್ಮ ಕುರಿಗೆ ದೀಕ್ಷಾ ಕೊಡಾಕ ಕಳಿಸಿದ್ರೇನು ಇದನ್ನ?"

"ಏನ್ ಆತು, ಅವ್ವಾ?"

"ಹಿಂಡೆಲ್ಲ ಚದುರಿಸಿತು. ಒಂದು ಗಬ್ಬದ ಕುರಿ ತೆಗ್ಗಿಗೆ ಬಿದ್ದು ಕಾಲು ಮುರಕೊಂಡೈತಿ."

ನಿರುಪಾದಿ ನಾಯಿಯನ್ನು ಹಿಡಿದುಕೊಂಡ. ಮಾಳವ್ವ ಅಜ್ಜಾರ ಕಡೆ ತಿರುಗಿದಳು.

"ಅಜ್ಜಾರ, ಮಠದ ನಾಯಿ ಅಂತ ಈ ಸಲ ನುಂಗಿಕೊಂಡೆ. ಬರೋ ಛಟ್ಟಿ ಅಮಾಸಿ ತನಕ ನಾವು ಇಲ್ಲೇ ಇರತೀವಿ. ಮತ್ತ ಹಿಂಡಿನಾಗ ಬಂದರ ನಮ್ಮ ಗಂಡಸರ ಕೈಯಾಗ ಬಡಿಗಿ ಐತಿ. ನಾ ತಡಿಯಂಗಿಲ್ಲ."

"ತಡೀಬ್ಯಾಡ," ಎಂದರು ಅಜ್ಜಾರು.

ಮಾಳವ್ವ ಕೈಮುಗಿದು ಹೋದಳು. ನಿರುಪಾದಿ ನಾಯಿಯನ್ನು ಎದೆಗವಚಿಕೊಂಡ.

"ಅಜ್ಜಾರ, ಕೊಲ್ರಿ ಅಂದಂಗ ಆತಲ್ಲರಿ."

"ಅಕೀ ಕುರಿ ಅಕಿ ಕಾಯತಾಳ. ನಿನ್ನ ನಾಯಿ ನೀ ಕಾಯಿ."

"ಅದು ಮಠದ ನಾಯಿ ರೀ."

"ರೊಟ್ಟಿ ಕದ್ದಾಗ ಅದರ ಬೆನ್ನ ಹಿಂದ ಯಾರು ಓಡತಾರ?"

"ನಾನ ರೀ."

"ಹಂಗಾರ ನಿಂದ."

ನಿರುಪಾದಿ ಚಿಗರಿಯನ್ನು ಕಂಬಕ್ಕೆ ಕಟ್ಟಿದ. ಅದು ಹಗ್ಗ ಮುಗಿಯುವವರೆಗೆ ಕಂಬವನ್ನು ಸುತ್ತಿತು. ಮುಗಿದ ಮೇಲೆ ಇನ್ನೊಂದು ಕಡೆಯಿಂದ ಸುತ್ತಿತು. ಬೆಳಗಾಗುವುದರೊಳಗೆ ಹಗ್ಗ ಎರಡು ತುಂಡಾಗಿತ್ತು, ಕೊರಳು ಕೆಂಪಾಗಿತ್ತು.

"ಕಟ್ಟಿದರ ಕೊರಳು ಹರಕೊಳ್ಳತೈತಿ," ಎಂದ ಅವನು. "ಬಿಟ್ಟರ ಬಡಿಸಿಕೊಂಡು ಸಾಯತೈತಿ. ಏನ್ ಮಾಡ್ಲಿರಿ?"

"ಕರೆದರ ಬರೋ ಹಂಗ ಮಾಡು."

ಕರೆಯುವುದು ನಿರುಪಾದಿಗೆ ಗೊತ್ತಿತ್ತು. ಮಠಕ್ಕೆ ಬಂದಂದಿನಿಂದ ಅವನು ಕಲಿತದ್ದೇ ಅದನ್ನು. ಒಂದು ಹೆಸರು ಹಿಡಿ. ಹೇಳು. ಮಣಿ ಜಾರಿಸು. ಮತ್ತೆ ಹೇಳು. ದೇವರಿಗೆ ಮುಟ್ಟುವ ದಾರಿ ನಾಯಿಗೆ ಮುಟ್ಟದೆ ಇರುತ್ತದೆಯೇ ಎಂದುಕೊಂಡ.

ಜಪಮಾಲೆ ಹಿಡಿದು ಹೊಳೆಯ ಮರಳಿಗೆ ಹೋದ. ಚಿಗರಿಯನ್ನು ಬಿಟ್ಟ.

"ಚಿಗರೀ, ಬಾ." ಒಂದು ಮಣಿ ಜಾರಿತು. "ಚಿಗರೀ, ಬಾ." ಇನ್ನೊಂದು.

ಚಿಗರಿ ಏಡಿಯ ಬಿಲ ಮೂಸಿತು. ಕೊಕ್ಕರೆಯನ್ನು ಅಟ್ಟಿತು. ಕೊಳೆತ ಮೀನಿನ ಮೇಲೆ ಬೆನ್ನು ಹಚ್ಚಿ ಹೊರಳಾಡಿತು. ಮಾಲೆ ಮುಗಿಯುವ ಹೊತ್ತಿಗೆ, ಬೇರೆ ಕೆಲಸ ಉಳಿಯದೆ, ಬಂತು. ಅವನು ಹಿಡಿದು ಕಟ್ಟಿಹಾಕಿದ.

ಮರುದಿನವೂ ಅದೇ. ಅದರ ಮರುದಿನವೂ ಅದೇ. ಒಂದು ಮಾಲೆಗೆ ಬರುತ್ತಿದ್ದ ನಾಯಿ ಎರಡು ಮಾಲೆಗೆ ಬರತೊಡಗಿತು.

ಮೇಲಿನ ಹೊಲದಿಂದ ಮಾಳವ್ವ ಕೂಗಿ ಹೇಳಿದಳು: "ಮರಿದೇವರ, ಹಿಂಗ ಕರೆದರ ಹೊಳಿಯಾಗಿನ ಮೊಸಳಿನೂ ಎದ್ದು ಬರತಾವ. ನಾಯಿ ಒಂದು ಬಿಟ್ಟು."

ನಿರುಪಾದಿ ನಿಂತೇ ಉಣ್ಣತೊಡಗಿದ. ಕೈತುತ್ತು ಬಾಯಿಗೆ ಹೋಗುವ ಮೊದಲು ಕಣ್ಣು ಗೋಡೆಗೆ ಹೋಗುತ್ತಿತ್ತು. ಎಲ್ಲಿ ಕುರಿ ಒದರಿದರೂ ಹೊರಗೆ ಓಡುತ್ತಿದ್ದ. ಪೂಜೆಗೆ ಕುಳಿತವನು ನಡುವೆ ಎದ್ದು, ಕಟ್ಟಿದ ಗಂಟು ಮುಟ್ಟಿ ನೋಡಿ ಬರುತ್ತಿದ್ದ.

ಅಜ್ಜಾರು ಎಲ್ಲವನ್ನೂ ಕಂಡರು.

ಒಂದು ಮುಂಜಾನೆ ಅವರು ಕರೆದರು. "ನಿರುಪಾದೀ."

ಅವನು ದನದ ಕೊಟ್ಟಿಗೆಯಿಂದ ಓಡಿ ಬಂದ. "ಏನ್ರಿ, ಅಜ್ಜಾರ?"

"ಏನಿಲ್ಲ."

ಪಾತ್ರೆ ತಿಕ್ಕುತ್ತಿದ್ದಾಗ ಮತ್ತೆ ಕರೆದರು. ಬೂದಿಗೈಯಲ್ಲೇ ಓಡಿದ. ಅಜ್ಜಾರು ಪತ್ರಿ ಎಲೆ ಆರಿಸುತ್ತಿದ್ದರು. ತಲೆ ಎತ್ತಲಿಲ್ಲ.

"ಕರೆದ್ರಲ್ಲರಿ?"

"ಹೌದು."

"ಯಾಕರಿ?"

"ಬಾಯಿಗೆ ಬಂತು. ಕರೆದೆ."

ನೀರು ಸೇದುವಾಗ ಕರೆದರು. ಸೊಪ್ಪು ಸೋಸುವಾಗ ಕರೆದರು. ಮೊದಲು ಓಡುತ್ತಿದ್ದವನು ನಡೆಯತೊಡಗಿದ. ಆಮೇಲೆ ಕೂತಲ್ಲಿಂದಲೇ "ಬಂದೆ ರೀ" ಎನ್ನತೊಡಗಿದ. ಆಮೇಲೆ ಅದನ್ನೂ ಬಿಟ್ಟ.

ಮಧ್ಯಾಹ್ನ ಅವನು ಗೋಡೆಯ ಮೇಲೆ ಜಾಲಿಮುಳ್ಳು ಹೊದಿಸುತ್ತಿದ್ದ.

"ನಿರುಪಾದೀ."

ಮುಳ್ಳಿಗೆ ಕಲ್ಲು ಹೇರಿದ.

"ನಿರುಪಾದೀ."

ಇನ್ನೊಂದು ಕಲ್ಲು ಹುಡುಕಿದ. ಮತ್ತೊಮ್ಮೆ ಕರೆದದ್ದು ಕೇಳಿಸಿತು. ಕೆಲಸ ಮುಗಿಸಿ, ಕೈ ತೊಳೆದುಕೊಂಡು ಒಳಗೆ ಹೋದ.

ಅಜ್ಜಾರು ಒಲೆಯ ಮುಂದೆ ಸುಮ್ಮನೆ ಕುಳಿತಿದ್ದರು. ಅವರೆದುರಿಗೆ ಚಿಗರಿ. ರೊಟ್ಟಿ ಬುಟ್ಟಿ ಖಾಲಿಯಾಗಿತ್ತು. ಕೊನೆಯ ತುಂಡು ಚಿಗರಿಯ ಹಲ್ಲಿನ ನಡುವೆ ಕರಕರ ಎನ್ನುತ್ತಿತ್ತು.

"ಅಜ್ಜಾರ, ನಿಮ್ಮ ಪಾಲಿಂದೂ ತಿಂತಲ್ಲರಿ ಅದು."

"ಹೌದು. ಅದಕ್ಕ ಕರೆದೆ."

"ಮುಂಜಾನಿಂದ ಸುಮಸುಮ್ಮನ ಕರಿಯಾಕತ್ತಿದ್ರಿ. ಇದೂ ಹಂಗ ಅಂತ ತಿಳಕೊಂಡೆ."

"ಒಂದ ದಿನದಾಗ ಕಲತಿ," ಎಂದರು ಅಜ್ಜಾರು. "ಶಾಣ್ಯಾ ಅದಿ. ನಾಯಿಗೆ ಮೂರು ದಿನ ಹಿಡೀತು."

ನಿರುಪಾದಿ ಅಲ್ಲೇ ಕುಳಿತ. ಚಿಗರಿ ಅವನ ಕೈಯಲ್ಲೂ ರೊಟ್ಟಿ ಇದೆಯೇ ಎಂದು ಮೂಸಿ ನೋಡಿ, ಅಂಗಳಕ್ಕೆ ಓಡಿತು.

"ಅಂದರ, ಬರಬ್ಯಾಡ ಅಂತ ನಾನ ಕಲಿಸೀನಿ."

"ಮನಸು ಕೊಟ್ಟು ಕಲಿಸೀದಿ. ಮಣಿ ಹಿಡಕೊಂಡು."

"ದೇವರ ಹೆಸರೂ ಹಂಗ ಹೇಳತೀವಲ್ಲರಿ."

"ದೇವರು ಗೋಡಿ ಹಾರಂಗಿಲ್ಲ."

ಆ ದಿನ ಇಬ್ಬರೂ ಮಜ್ಜಿಗೆ ಕುಡಿದು ಮಲಗಿದರು. ಮಲಗುವ ಮೊದಲು ಅಜ್ಜಾರು ಹೇಳಿದರು: "ನಾಳಿಂದ ಅದರ ಹೆಸರು ನಿನ್ನ ಬಾಯಾಗ ಬರಬಾರದು."

"ಮತ್ತ ಹೆಂಗ ಕರೀಲಿ?"

"ಕರೀಬ್ಯಾಡ."

"ಅದು ದೂರ ಹೋದರ?"

"ನೀನೂ ಹೋಗು. ಬ್ಯಾರೆ ದಿಕ್ಕಿಗೆ."

ಕುರಿಗಳು ಮೇಲಿನ ಹೊಲದಲ್ಲಿದ್ದವು. ನಿರುಪಾದಿ ಕೆಳಗಿನ ಮರಳಿಗೆ ಹೋದ. ಬಾವಿಯ ಉದ್ದನೆಯ ಹಗ್ಗವನ್ನು ಚಿಗರಿಯ ಪಟ್ಟಿಗೆ ಕಟ್ಟಿ, ತುದಿಯನ್ನು ನೆಲಕ್ಕೆ ಬಿಟ್ಟ.

ಚಿಗರಿ ಹಾರಿತು. ಹಗ್ಗ ಹಾವಿನಂತೆ ಹಿಂದೆ ಹರಿಯಿತು.

ಅವನ ನಾಲಿಗೆ ತಾನೇ ತಾನಾಗಿ ಮೇಲೆದ್ದಿತು. ಹಲ್ಲು ಕಚ್ಚಿದ. ಬೆನ್ನು ತಿರುಗಿಸಿ ನಡೆಯತೊಡಗಿದ. ಕುತ್ತಿಗೆ ಹಿಂದಕ್ಕೆ ಹೊರಳಬೇಕೆನ್ನುತ್ತಿತ್ತು. ಹೊರಳಿಸಲಿಲ್ಲ. ಒಂದು ಬಂಡೆಯ ಮರೆಗೆ ಹೋಗಿ ಕುಳಿತ.

ಹೊಳೆಯ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ.

ಆಮೇಲೆ ಮರಳ ಮೇಲೆ ಪಾದಗಳು ಬಂದವು. ನಿಂತವು. ಮತ್ತೆ ಬಂದವು. ಬಂಡೆಯ ಸಂದಿನಿಂದ ಅವನು ನೋಡಿದ. ಚಿಗರಿ ಮೂತಿ ಎತ್ತಿ, ಎಡಕ್ಕೆ ನೋಡಿ, ಬಲಕ್ಕೆ ನೋಡಿ, ಗಾಳಿ ಮೂಸುತ್ತಿತ್ತು. ಕೊಕ್ಕರೆ ಹತ್ತಿರದಲ್ಲೇ ಇತ್ತು. ಅದು ಕೊಕ್ಕರೆಯನ್ನು ನೋಡಲಿಲ್ಲ.

ಅವನು ಹಗ್ಗದ ತುದಿ ಹಿಡಿದು ಚಿಗರಿಯೊಡನೆ ಮಠಕ್ಕೆ ಓಡಿ ಬಂದ. "ಅಜ್ಜಾರ, ಸುಮ್ಮನಿದ್ದರ ಅದು ನನ್ನ ಹುಡುಕತೈತಿ."

"ಮೊದಲು ಯಾಕ ಹುಡುಕಲಿಲ್ಲ?"

ನಿರುಪಾದಿ ಯೋಚಿಸಿದ. "ಮೊದಲು ಒದರತಿದ್ದೆ. ನಾ ಎಲ್ಲಿದ್ದೀನಿ ಅಂತ ಅದಕ್ಕ ಗೊತ್ತಿರತಿತ್ತು. ಆರಾಮ ಓಡತಿತ್ತು."

ಅಜ್ಜಾರು ಎಣ್ಣೆಯ ಬಟ್ಟಲನ್ನು ಅವನ ಮುಂದೆ ಇಟ್ಟರು.

ಅವನಿಗೆ ಉತ್ಸಾಹ ಬಂತು. "ಈ ನಾಯಿ ನನ್ನ ಮನಸ್ಸಿನ ಹಂಗ ಐತಿ. ಅಲ್ಲೇನ್ರಿ?"

"ಅಲ್ಲ," ಎಂದರು ಅಜ್ಜಾರು. "ನಿನ್ನ ಮನಸ್ಸು ಯಾರ ಕುರಿ ಕಾಲೂ ಮುರಿದಿಲ್ಲ. ಹೋಗು, ಅದರ ಕೊರಳಿಗೆ ಎಣ್ಣಿ ಹಚ್ಚು. ನೊಣ ಕುಂದರಾಕತ್ತಾವ."

ಅವನು ಎಣ್ಣೆ ಹಚ್ಚಿದ. ಚಿಗರಿ ಒಂದು ಕ್ಷಣವೂ ನಿಲ್ಲಲಿಲ್ಲ. ಅರ್ಧ ಎಣ್ಣೆ ಅವನ ಅಂಗಿಗೆ ಮೆತ್ತಿತು.

ದಿನಗಳು ಕಳೆದವು. ಅವನು ಓಡಿದ, ಅದು ಓಡಿತು. ಅವನು ತಿರುಗಿದ, ಅದು ಹುಡುಕಿ ಬಂತು. ಬಂದಾಗ ಹಿಡಿದು ಕಟ್ಟುತ್ತಿದ್ದ.

"ಬಂದ ಮ್ಯಾಲೆ ಏನ್ ಮಾಡತಿ?" ಎಂದು ಅಜ್ಜಾರು ಕೇಳಿದರು.

"ಕಟ್ಟತೀನ್ರಿ."

"ಉಣ್ಣಾಕ ಬಾ ಅಂತ ನಿನ್ನ ಕರೆದು, ಬಂದ ಕೂಡಲೇ ಕೋಣೆಯಾಗ ಹಾಕಿ ಚಿಲಕ ಜಡಿದರ, ನಾಳೆ ಬರತಿಯೇನು?"

ಅಂದಿನಿಂದ ಬಂದ ನಾಯಿಗೆ ರೊಟ್ಟಿ ಚೂರು ಕೊಟ್ಟು, ಕೊರಳಪಟ್ಟಿ ಮುಟ್ಟಿ, ಮತ್ತೆ ಬಿಟ್ಟ. ಅದು ಹೋಯಿತು. ಬಂತು. ಮತ್ತೆ ಹೋಯಿತು.

"ಹೆಸರು ಯಾವಾಗ ಹೇಳ್ಲಿರಿ?"

"ಒಂದ ಸಲ ಹೇಳಿ ಸುಮ್ಮನಿರಾಕ ಬಂದಾಗ."

ಅದು ಎಂದು ಬರುತ್ತದೆಂದು ನಿರುಪಾದಿಗೆ ತಿಳಿಯಲಿಲ್ಲ. ಹೆಸರು ಗಂಟಲಲ್ಲೇ ಕುದಿಯುತ್ತಿತ್ತು. ನಿದ್ದೆಯಲ್ಲಿ ಅದನ್ನೇ ಬಡಬಡಿಸಿ ತಾನೇ ಎಚ್ಚರಗೊಳ್ಳುತ್ತಿದ್ದ.

ಛಟ್ಟಿ ಅಮಾವಾಸ್ಯೆ ಹತ್ತಿರ ಬಂತು. ಮೇಲಿನ ಹೊಲದಲ್ಲಿ ಮೇವು ತೀರಿತ್ತು. ನಿರುಪಾದಿಗೆ ಅದು ಗೊತ್ತಿರಲಿಲ್ಲ. ಆ ಮುಂಜಾನೆ ಅವನು ಮೊದಲ ಬಾರಿಗೆ ಹಗ್ಗ ಬಿಚ್ಚಿ, ಹೆಗಲಿಗೆ ಹಾಕಿಕೊಂಡು, ಚಿಗರಿಯನ್ನು ಕೆಳಗಿನ ಮರಳಿಗೆ ಬಿಟ್ಟಿದ್ದ.

ದಿಬ್ಬದ ಆಚೆಯಿಂದ ಗಂಟೆಯ ಸದ್ದು ಬಂತು. ಹಿಂದೆಯೇ ಕುರಿಗಳು ಇಳಿದವು. ಮುಂದೆ ಬಡಿಗೆ ಹಿಡಿದ ಇಬ್ಬರು ಗಂಡಸರು. ಕೊನೆಯಲ್ಲಿ ಮಾಳವ್ವ. ಇಡೀ ಹಿಂಡು ನೀರಿಗೆ ಬರುತ್ತಿತ್ತು.

ಚಿಗರಿ ಕಿವಿ ನಿಗುರಿಸಿತು. ಒಂದು ಮುಂಗಾಲು ಎತ್ತಿತು. ಹೊರಟಿತು.

"ಚಿಗರೀ."

ಒಂದು ಸಲ. ಅಷ್ಟೇ. ಆದರೆ ಎರಡನೆಯದು ಆಗಲೇ ಗಂಟಲಿಗೆ ಬಂದಿತ್ತು. ಒಬ್ಬ ಗಂಡಸು ಬಡಿಗೆ ಎತ್ತಿದ್ದು ಕಂಡಿತು. ಎರಡನೆಯದು ಹೊರಬಿದ್ದರೆ ಮೊದಲನೆಯದು ಸುಳ್ಳಾಗುತ್ತದೆಂದು ನಿರುಪಾದಿಗೆ ಗೊತ್ತಿತ್ತು. ಅದನ್ನು ಕಲಿಸಿದವನು ಅವನೇ.

ಬಾಯಿ ಮುಚ್ಚಿದ. ನಾಯಿಗೂ ಬಡಿಗೆಗೂ ಬೆನ್ನು ತಿರುಗಿಸಿದ. ಎದುರು ದಿಕ್ಕಿಗೆ ಓಡಿದ.

ಇನ್ನು ಏನೂ ಕಾಣುವಂತಿರಲಿಲ್ಲ. ಕುರಿಗಳ ಗಂಟೆಗಳು ಗಲಗಲ ಎಂದವು. ಯಾರೋ "ಹೇ" ಎಂದು ಗದರಿದರು. ತನ್ನ ಉಸಿರು. ತನ್ನ ಕಾಲು. ಪೆಟ್ಟಿನ ಸದ್ದಿಗಾಗಿ ಅವನ ಬೆನ್ನಿಡೀ ಕಿವಿಯಾಗಿತ್ತು.

ಅದರ ಬದಲು ಬೇರೆ ಪಾದಗಳ ಸದ್ದು ಬಂತು.

ಚಿಗರಿ ಅವನನ್ನು ದಾಟಿ, ಮುಂದೆ ಹೋಗಿ, ಗರಕ್ಕನೆ ತಿರುಗಿ ಕಾಲಿಗೆ ಅಡ್ಡ ಬಂತು. ಅವನು ಮರಳಿನಲ್ಲಿ ಮುಗ್ಗರಿಸಿ ಬಿದ್ದ. ಅದು ಅವನ ಎದೆ ಹತ್ತಿ ನಿಂತು ಮುಖ ನೆಕ್ಕಿತು. ಅವನು ಕೊಡಲು ತೆಗೆದ ರೊಟ್ಟಿ ಚೂರು ಮರಳಿಗೆ ಬಿತ್ತು. ಚಿಗರಿ ಮರಳಿನ ಸಮೇತ ತಿಂದಿತು.

ಮಾಳವ್ವ ಹತ್ತಿರ ಬಂದಳು.

"ಮರಿದೇವರ, ನಾಯಿ ಅಟ್ಟಿಸಿಕೊಂಡು ಓಡೋರನ್ನ ಕಂಡೀನಿ. ನಾಯಿ ಬಿಟ್ಟು ಓಡೋರನ್ನ ಇವತ್ತ ಕಂಡೆ."

"ಹಿಂಡಿಗೆ ಮುಟ್ಟಿತೇನು, ಅವ್ವಾ?"

"ಮುಟ್ಟಲಿಲ್ಲ. ಅದಕ್ಕ ಬಡಿಗಿ ಇಳೀತು." ಅವಳು ಕಂಬಳಿ ಸರಿಪಡಿಸಿಕೊಂಡಳು. "ನಾಳೆನೂ ಇದ ದಾರಿಲೇ ನೀರಿಗೆ ಬರತೀವಿ. ಹೇಳಿಲ್ಲ ಅನಬ್ಯಾಡ್ರಿ."

ನಿರುಪಾದಿ ಮಠಕ್ಕೆ ಬಂದ. ಹಗ್ಗ ಇನ್ನೂ ಅವನ ಹೆಗಲ ಮೇಲಿತ್ತು. ಚಿಗರಿ ಅವನ ಸುತ್ತ ತಿರುಗುತ್ತ, ಹಿಂದೆ ಬೀಳುತ್ತ, ಮುಂದೆ ಹಾರುತ್ತ ಬಂತು.

"ಅಜ್ಜಾರ, ಚಿಗರಿ ಕಲೀತು."

"ಏನು ಕಲೀತು?"

"ಕುರಿ ಹಿಂಡು ಎದುರಿಗಿತ್ತು. ಕರೆದೆ. ಬಂತು."

"ಎಷ್ಟು ಸಲ ಕರೆದಿ?"

"ಒಂದ ಸಲ ರೀ."

ಅಜ್ಜಾರು ಅವನ ಮುಖ ನೋಡಿದರು. ಅವರ ಮುಖವೂ ಸ್ವಲ್ಪ ಬೆಳಗಿತು.

"ಹಂಗಾರ ಈ ಹಗ್ಗ ತಿರುಗಿ ಬಾವಿ ರಾಟಿಗೆ ಹಾಕಿಬಿಡ್ಲೇನ್ರಿ? ಇನ್ನ ಕಟ್ಟೋದು ಬ್ಯಾಡ."

ಚಿಗರಿ ಅಂಗಳದ ನಡುವೆ ನಿಂತು ಗೋಡೆಯನ್ನು ನೋಡುತ್ತಿತ್ತು. ಅಜ್ಜಾರು ಚಿಗರಿಯನ್ನು ನೋಡುತ್ತಿದ್ದರು.

"ಇಲ್ಲೀ ತನಕ ಕರೆದಾಗ ಎಷ್ಟು ಸಲ ಬಂದಿಲ್ಲ?"

"ಅದಕ್ಕ ಲೆಕ್ಕ ಇಲ್ಲರಿ."

"ಬಂದದ್ದು?"

ನಿರುಪಾದಿ ಹೆಗಲಿನಿಂದ ಹಗ್ಗ ಇಳಿಸಿದ. "ಒಂದು."

"ಇವತ್ತು ರಾತ್ರಿ ಕಟ್ಟು," ಎಂದರು ಅಜ್ಜಾರು. "ನಾಳೆ ಎರಡು."