ಬಾಲದ ಲಾಯ

ಹೊಳೆಮುದ್ದಾಪುರದ ದಿನ್ನೆಯ ಮೇಲೆ ಬಸ್ಸು ನಿಂತಾಗ ಕಂಡಕ್ಟರು 'ಬಾಲದ ಲಾಯ, ಇಳೀರಿ' ಎನ್ನುತ್ತಾನೆ. ಸರಕಾರದ ಫಲಕದಲ್ಲಿ 'ಕೈಮಗ್ಗ ಕಾರ್ಯಾಗಾರ' ಎಂದಿದೆ. ಅದನ್ನು ನೋಡಿ ಯಾರೂ ಇಳಿದಂತಿಲ್ಲ. ಹಳೆಯ ಕುದುರೆಲಾಯಗಳನ್ನು ಎಷ್ಟೋ ಊರುಗಳಲ್ಲಿ ಕಂಡಿದ್ದೇನೆ. ಹೆಚ್ಚಿನವು ಈಗ ಹೋಟೆಲುಗಳಾಗಿ, ಕುದುರೆಗಳಿಗಿಂತ ಇಕ್ಕಟ್ಟಿನಲ್ಲಿ ಮನುಷ್ಯರನ್ನು ಇಟ್ಟುಕೊಂಡಿವೆ. ಇದರ ರೀತಿ ಬೇರೆ. ಮುಂದೆ ದಪ್ಪ ಕಲ್ಲಿನ ಲಾಯ. ಅದರ ಹಿಂಗೋಡೆಯಿಂದ ಹೊರಟ ಕಿರಿದಾದ ಮಾಡು, ಮುಗಿಯುವುದನ್ನೇ ಮರೆತಂತೆ ದಿನ್ನೆಯುದ್ದಕ್ಕೂ ಚಾಚಿಕೊಂಡಿದೆ.

ಹಿಂದೆ ಒಮ್ಮೆ ಈ ಊರಿನ ನೇಕಾರರೆಲ್ಲ ಹೊಳೆದಂಡೆಯಲ್ಲಿದ್ದರು. ನೆಲದಲ್ಲಿ ಕುಣಿ ತೋಡಿ, ಅದರೊಳಗೆ ಕಾಲಿಳಿಬಿಟ್ಟು ನೇಯುವ ಮಗ್ಗ ಅವರದು. ಪ್ರತಿ ಮಳೆಗಾಲಕ್ಕೂ ಹೊಳೆ ಬಂದು ಮೊದಲು ಆ ಕುಣಿಗಳಲ್ಲೇ ಕೂರುತ್ತಿತ್ತು. ಬಾಳವ್ವನೆಂಬ ನೇಕಾರತಿ, ಮೂರನೆಯ ಸಲ ಮಗ್ಗ ಕೊಳೆತಾಗ, ನೆಟ್ಟಗೆ ದೇಸಾಯರ ವಾಡೆಗೆ ನಡೆದು, ದಿನ್ನೆಯ ಮೇಲಿನ ಖಾಲಿ ಲಾಯ ಕೊಡಿರೆಂದಳು. ಕುದುರೆಗಳು ಯಾವುದೋ ಯುದ್ಧಕ್ಕೆ ಹೋದವು ತಿರುಗಿ ಬಂದಿರಲಿಲ್ಲ. ದೇಸಾಯರು ಒಪ್ಪಿದರು, ಆದರೆ ಅಜ್ಜ ಕಟ್ಟಿಸಿದ ಗೋಡೆಯ ಒಂದು ಕಲ್ಲನ್ನೂ ಕೀಳಕೂಡದು, ದಸರೆಯೊಳಗೆ ವಾಡೆಗೆ ಸೀರೆ ಬರಬೇಕು, ತಪ್ಪಿದರೆ ಮತ್ತೆ ಹೊಳೆದಂಡೆಯೇ ಗತಿ ಎಂದರಂತೆ.

ನೇಕಾರರು ಕಂಬಕಂಬದ ನಡುವೆ ಕುಣಿ ತೋಡಿದರು. ಹುಲ್ಲು ಹಾಕುವ ಗೋದಲಿಗಳಲ್ಲಿ ನೂಲು ತುಂಬಿದರು. ಎಲ್ಲ ಮುಗಿದ ಮೇಲೆ ತಪ್ಪು ತಿಳಿಯಿತು. ನೇಯುವ ಮೊದಲು ಹಾಸಿನ ಎಳೆಗಳನ್ನು ಉದ್ದಕ್ಕೆ ಬಿಗಿದು, ಗಂಜಿ ಹಚ್ಚಿ ಒಣಗಿಸಬೇಕು. ಆ ಕೆಲಸ ಎಂದಿನಿಂದಲೂ ಬೀದಿಯಲ್ಲೇ ನಡೆದದ್ದರಿಂದ, ಮಗ್ಗಕ್ಕೆಲ್ಲ ಜಾಗ ಅಳೆದವರು ಬೀದಿಯನ್ನು ಅಳೆಯಲು ಮರೆತಿದ್ದರು. ಲಾಯದೊಳಗೆ ಅರ್ಧ ಹಾಸೂ ಹಿಡಿಯದು. ಹೊರಗೆ ಬಿಡದ ಜಡಿಮಳೆ. ಗೋಡೆ ಒಡೆಯೋಣವೆಂದು ಕೆಲವರು, ಇಳಿದು ಹೋಗೋಣವೆಂದು ಉಳಿದವರು.

ಬಾಳವ್ವ ಎರಡಕ್ಕೂ ಒಪ್ಪಲಿಲ್ಲ. ಹಿಂಗೋಡೆಯ ಬುಡದಲ್ಲಿ ಲದ್ದಿ ಹೊರದಬ್ಬುವ ಕಿಂಡಿಯೊಂದಿತ್ತು. ಅದನ್ನು ತೊಳೆಸಿ, ಹಾಸನ್ನು ಅದರೊಳಗಿಂದಲೇ ಹೊರಕ್ಕೆ ಎಳೆಸಿದಳು. ಆಚೆ ಹಾಸಿನ ಮೇಲಷ್ಟೇ ನೆರಳಾಗುವಂತೆ ಗಳ ನೆಟ್ಟು ಹುಲ್ಲು ಹೊದಿಸಿದಳು. ಗಂಜಿ ಒಣಗಲಿ ಎಂದು ಪಕ್ಕಕ್ಕೆ ಗೋಡೆ ಇಡಲಿಲ್ಲ. ಲಾಯಕ್ಕೆ ಬಾಲ ಮೂಡಿತೆಂದು ಊರು ನಕ್ಕಿತು. ಸುದ್ದಿ ಕೇಳಿ ದೇಸಾಯರೇ ಬಂದರು.

"ಕುದುರೀನ ಇಲ್ಲದ ಲಾಯಕ್ಕ ಬಾಲ ಯಾಕ ಬೇಕಾತು, ಬಾಳವ್ವ?"

"ಕುದುರಿ ಹೋಗೂ ಮುಂದ ಬಿಟ್ಟು ಹೋಗ್ಯಾವ್ರೀ, ಧಣ್ಯಾರ. ಗ್ವಾಡಿ ಮುಟ್ಟಿ ನೋಡ್ರಿ. ಒಂದು ಕಲ್ಲು ಅಲುಗಿದ್ರೂ ಈಗಿಂದೀಗ ಹೊಳಿಗೆ ಇಳೀತೀವಿ."

ದೇಸಾಯರು ಗೋಡೆಯುದ್ದಕ್ಕೂ ಕೈಯಾಡಿಸಿದರು. ಆಮೇಲೆ ರುಮಾಲು ತೆಗೆದು ಕೈಯಲ್ಲಿ ಹಿಡಿದು, ಲದ್ದಿಯ ಕಿಂಡಿಯಲ್ಲಿ ನುಸುಳಿ ಆಚೆ ಹೋಗಿ, ಹಾಸಿನ ಕೊನೆಯವರೆಗೆ ನಡೆದರು ಎನ್ನುತ್ತಾರೆ. ದಸರೆಗೆ ವಾಡೆಗೆ ಸೀರೆ ಹೋಯಿತು. ಲಾಯ ನೇಕಾರರಿಗೆ ಉಳಿಯಿತು.

ಹುಲ್ಲು ಹೋಗಿ ಹೆಂಚು ಬಂತು, ತುದಿಯಲ್ಲಿ ಈಗ ತಗಡೂ ಇದೆ. ವಾಡೆ ಬಿದ್ದು ಎಷ್ಟೋ ಕಾಲವಾಯಿತು, ದೇಸಾಯರ ಮನೆತನದವರು ಯಾರೂ ಇಲ್ಲ. ಆದರೂ ಲಾಯದೊಳಗಿಂದ ಬಾಲಕ್ಕೆ ಹೋಗಲು ಇಂದಿಗೂ ಆ ಕಿಂಡಿಯೇ ದಾರಿ. ನೋಡಬಂದವರ ತಲೆ ತಾಗಿ ತಾಗಿ ಮೇಲಿನ ಕಲ್ಲು ಎಣ್ಣೆ ಹಚ್ಚಿದಂತೆ ಹೊಳೆಯುತ್ತದೆ. ನನ್ನ ಹಣೆಯನ್ನೂ ಅದಕ್ಕೆ ಒಪ್ಪಿಸಿ, ಇದನ್ನಿಷ್ಟು ದೊಡ್ಡದು ಮಾಡಿಸಬಾರದೇ ಎಂದು ಗಂಜಿ ಹಚ್ಚುತ್ತಿದ್ದ ಹೆಂಗಸನ್ನು ಕೇಳಿದೆ. ಅವಳು ಕೈ ನಿಲ್ಲಿಸದೆ ಅಂದಳು: "ಕಲ್ಲು ಕೀಳೂದಿಲ್ಲಂತ ಮಾತು ಕೊಟ್ಟೇವಲ್ರೀ, ಅಕ್ಕಾರ."