ತಿಪ್ಪೇಶಿ ನಡೆಸಿದ ಇಂಗ್ಲಿಷ್ ಪರೀಕ್ಷೆ

ಹತ್ತಿರ ಬಂದು ಕೂತ್ಕೊಳ್ಳಿ. ನಗು ಬಂದರೆ ಇಲ್ಲೇ ನಕ್ಕುಬಿಡಿ, ಹೊಟ್ಟೇಲಿ ಇಟ್ಕೊಂಡು ಮನೆಗೆ ಒಯ್ಯಬೇಡಿ.

ಕಣಿವೆಪಾಳ್ಯ ಅಂತ ಒಂದೂರು. ಆ ಊರಲ್ಲಿ ಗಿರಿಯವ್ವ ಅಂತ ಒಬ್ಬಳು. ಅವಳಿಗೆ ಒಬ್ಬನೇ ಮಗ, ತಿಪ್ಪೇಶಿ. ಆಳು ನೋಡಿದರೆ ಬಾಗಿಲಿಗೆ ತಲೆ ತಾಗುವಷ್ಟು ಎತ್ತರ. ಬುದ್ಧಿ ಮಾತ್ರ ಇನ್ನೂ ಹೊಸ್ತಿಲು ದಾಟಿರಲಿಲ್ಲ. ಹೇಳಿದ್ದನ್ನ ಮಾಡ್ತಿದ್ದ, ಹೇಳಿದಷ್ಟೇ ಮಾಡ್ತಿದ್ದ, ಹೇಳಿದ ಹಾಗೇ ಮಾಡ್ತಿದ್ದ. ಅದೇ ಅವನ ರೋಗ.

ಕ್ಷೌರದಂಗಡಿಗೆ ಸೇರಿಸಿದಳು. "ಗಿರಾಕಿ ತಲೆ ಅಲ್ಲಾಡದ ಹಾಗೆ ಹಿಡ್ಕೊಳೋ" ಅಂದರು. ಹಿಡಿದ. ಕೂದಲು ಕತ್ತರಿಸಿದ್ದಾಯಿತು, ಗಡ್ಡ ಕೆರೆದದ್ದಾಯಿತು, ಪೌಡರ್ ಬಳಿದದ್ದಾಯಿತು, ಇವನು ಬಿಡಲಿಲ್ಲ. ಬಿಡು ಅಂತ ಯಾರೂ ಹೇಳಿರಲಿಲ್ಲವಲ್ಲ! ಗಿರಾಕಿ ಪಾಪ, ತಿಪ್ಪೇಶಿ ಸಮೇತ ಮನೆಗೆ ಹೋದ. ಹಿಟ್ಟಿನ ಗಿರಣಿಗೆ ಸೇರಿಸಿದಳು. "ಬಾಗಿಲು ನೋಡ್ಕೊಂಡಿರು" ಅಂದರು. ದನ ಬಂದು ಹಿಟ್ಟು ತಿಂದು, ಬಾಯಿ ಒರೆಸಿಕೊಂಡು ಹೋಯಿತು. ಇವನು ಬಾಗಿಲನ್ನೇ ನೋಡ್ತಾ ಕೂತಿದ್ದ. ಹೀಗೇ ಏಳು ಕೆಲಸ ಸಿಕ್ಕವು, ಏಳೂ ಹೋದವು.

ಎಂಟನೇದು ಊರಾಚೆಯ ಹೊಸ ಫ್ಯಾಕ್ಟರೀಲಿ. ಅಲ್ಲಿಗೆ ಚೀನಾದಿಂದ ಹನ್ನೊಂದು ಜನ ಮೇಸ್ತ್ರಿಗಳು ಬಂದಿದ್ದರು. ಕೈಕೆಲಸದಲ್ಲಿ ಒಬ್ಬರಿಗಿಂತ ಒಬ್ಬರು ಗಟ್ಟಿಗರು. ಆದರೆ ಮಿಷನ್‌ಗಳು ಬಂದದ್ದು ಇನ್ಯಾವುದೋ ದೇಶದಿಂದ, ಅವುಗಳ ಮೇಲಿನ ಎಚ್ಚರಿಕೆಯೆಲ್ಲ ಇಂಗ್ಲಿಷಿನಲ್ಲಿ. ಓದೋಕೆ ಬಾರದವನು ಯಾವುದೋ ಗುಂಡಿ ಒತ್ತಿ ಬೆರಳು ಕಳ್ಕೊಂಡರೆ? ಅದಕ್ಕೇ ಒಂದು ಕಾನೂನು: ಇಂಗ್ಲಿಷ್ ಪದ ಗೊತ್ತಿರಬೇಕು, ಮಾತು ಬರಬೇಕು, ಓದಿ ತಿಳೀಬೇಕು. ಮೂರರಲ್ಲೂ ಪಾಸಾದರೆ ಮಿಷನ್ನು, ಇಲ್ಲದಿದ್ದರೆ ವಿಮಾನ. ಕಲಿಸೋಕೆ ತುಮಕೂರಿಂದ ಫಿಲೋಮಿನಾ ಮೇಡಂ ಬರುತ್ತಿದ್ದರು. ಅವರ ಕೈಕೆಳಗೆ ಒಬ್ಬ ಆಳು ಬೇಕಿತ್ತು.

ಗಿರಿಯವ್ವ ಮ್ಯಾನೇಜರ್ ಪಾಲಾಕ್ಷಪ್ಪನವರ ಕಾಲು ಹಿಡಿದಳು. ಅವರು ಹೇಳಿದರು, "ಪರೀಕ್ಷೆ ಮುಗಿಯೋ ತನಕ ಇಟ್ಕೋತೀನಿ ಕಣಮ್ಮ. ಅಲ್ಲೀವರೆಗೆ ಉಳ್ಕೊಂಡರೆ ಕಾಯಂ. ತಪ್ಪು ಮಾಡಿದರೆ ಗೇಟಿನಾಚೆ."

"ಕೇಳಿದೆಯೇನೋ ತಿಪ್ಪೇಶಿ? ಇದೂ ಹೋದರೆ ಈ ಸುತ್ತಿನಲ್ಲಿ ನಿನ್ನ ಕರೆಯೋರು ಯಾರೂ ಉಳಿದಿಲ್ಲ. ದೊಡ್ಡೋರು ಹೇಳಿದ ಹಾಗೆ ಕೇಳು!"

"ಹಂಗೇ ಆಗ್ಲಿ ಕಣವ್ವ. ಹೇಳಿದಂಗೇ ಮಾಡ್ತೀನಿ."

ಅಲ್ಲೇ ಬಂತು ನೋಡಿ ಆಪತ್ತು.

ಮೊದಲನೇ ದಿನ ಮೇಡಂ ಒಂದು ಕಟ್ಟು ಚೀಟಿ ಕೊಟ್ಟರು, ಒಂದು ಡಬ್ಬಿ ಗೋಂದು ಕೊಟ್ಟರು. ಚೀಟಿ ಮೇಲೆ ಚಿತ್ರ, ಚಿತ್ರದ ಕೆಳಗೆ ಇಂಗ್ಲಿಷ್ ಹೆಸರು. "ಚಿತ್ರ ನೋಡಪ್ಪ, ಅದು ಎಲ್ಲಿದೆಯೋ ಅಲ್ಲಿಗೆ ಅಂಟಿಸು. ಒಂದೂ ಉಳೀಬಾರದು" ಅಂದರು.

ತಿಪ್ಪೇಶಿ ಬಾಗಿಲಿಗೆ ಬಾಗಿಲು ಅಂಟಿಸಿದ. ಕಿಟಕಿಗೆ ಕಿಟಕಿ ಅಂಟಿಸಿದ. ಮೇಜಿಗೆ ಮೇಜು ಅಂಟಿಸಿದ. ಕೊನೆಗೆ ಮೂರು ಚೀಟಿ ಉಳಿದವು: ಮೂಗು, ಕಿವಿ, ಹೊಟ್ಟೆ.

ಮೇಸ್ತ್ರಿಗಳಲ್ಲೆಲ್ಲ ಹಿರಿಯ ತಾಂಗ್. ತಲೆ ನರೆತವನು. ಪಾಠ ಶುರುವಾಗಿ ಮೂರು ವಾರವಾದರೂ ಇಂಗ್ಲಿಷಿನಲ್ಲಿ ಒಂದಕ್ಷರ ಆಡಿರಲಿಲ್ಲ, ತಪ್ಪಾದೀತು ಅಂತ ಹೆದರಿಕೆ. ತಿಪ್ಪೇಶಿ ಹೋಗಿ ಅವನ ಮೂಗಿಗೆ ಟಪ್ ಅಂತ ಮೂಗು ಅಂಟಿಸಿದ. ಪಕ್ಕದವನ ಕಿವಿಗೆ ಕಿವಿ ಅಂಟಿಸಿದ. ಇನ್ನು ಹೊಟ್ಟೆ ಎಲ್ಲಿ? ಅಷ್ಟರಲ್ಲಿ ಪಾಲಾಕ್ಷಪ್ಪನವರು ಒಳಗೆ ಬಂದರು. ಅವರು ಬರೋಕೆ ಮುಂಚೆ ಅವರ ಹೊಟ್ಟೆ ಬಂತು. ಅಬ್ಬ, ಸಿಕ್ತು!

"ಏಯ್! ಏನೋ ಇದು? ತೆಗೆಯೋ!"

"ಒಂದೂ ಉಳೀಬಾರದು ಅಂದಿದಾರೆ ಸಾರ್."

ಪಾಲಾಕ್ಷಪ್ಪನವರು ಕೆಂಪಗಾದರು. "ಬೆಲ್ಲಿ! ಬೆಲ್ಲಿ!" ಅಂತ ಹನ್ನೊಂದು ಜನ ಬೆರಳು ತೋರಿಸಿ ಓದಿದರು.

"ಇರಲಿ ಬಿಡಿ ಸಾರ್" ಅಂದರು ಮೇಡಂ, ನಗು ನುಂಗುತ್ತಾ. "ಆ ಪದವನ್ನ ಇನ್ನು ಇವರು ಜನ್ಮದಲ್ಲಿ ಮರೆಯಲ್ಲ."

ಸಂಜೆ ಗಿರಿಯವ್ವ ತಲೆ ಚಚ್ಚಿಕೊಂಡಳು. "ಅಯ್ಯೋ ಪೆದ್ದುಮುಂಡೇದೆ! ದೊಡ್ಡೋರ ಮೈ ಮುಟ್ತಾರೇನೋ? ಯಾರೇ ಒಳಗೆ ಬರಲಿ, ದೂರ ನಿಂತ್ಕೊಂಡು ಕೈ ಮುಗೀಬೇಕು. ಬನ್ನಿ, ಕೂತ್ಕೊಳ್ಳಿ ಅನ್ನಬೇಕು. ಇದ್ದರೆ ತಿನ್ನೋಕೆ ಏನಾದರೂ ಕೊಡಬೇಕು!"

"ಹಂಗೇ ಆಗ್ಲಿ ಕಣವ್ವ. ಹೇಳಿದಂಗೇ ಮಾಡ್ತೀನಿ."

ಮಾರನೇ ದಿನ ದಾರಿಯುದ್ದಕ್ಕೂ "ಬನ್ನಿ, ಕೂತ್ಕೊಳ್ಳಿ, ತಿನ್ನಿ, ಬನ್ನಿ, ಕೂತ್ಕೊಳ್ಳಿ, ತಿನ್ನಿ" ಅಂತ ಮಣಮಣ ಅಂದ್ಕೊಂಡೇ ಹೋದ. ಮಧ್ಯಾಹ್ನ ಮೇಡಂ ಊಟಕ್ಕೆ ಕೈ ತೊಳೆಯೋಕೆ ಹೋದರು. ಆಗ ಒಬ್ಬರು ಬಂದರು. ಬಾಗಿಲಿಂದಲ್ಲ, ಕಿಟಕಿಯಿಂದ. ಬೆಟ್ಟದ ಮೇಲಿನ ಗಡವ ಕೋತಿ!

ತಿಪ್ಪೇಶಿ ದೂರ ನಿಂತು ಕೈ ಮುಗಿದ. ಅಲ್ಲಿ ಇಂಗ್ಲಿಷೇ ಆಡಬೇಕು ಅನ್ನೋದು ಮೇಡಂ ನಿಯಮ, ಅವರ ಪಾಠದಲ್ಲಿ ನಾಲ್ಕು ಮಾತು ಇವನ ಕಿವಿಗೂ ಬಿದ್ದಿದ್ದವು. "ಗುಡ್ ಆಫ್ಟರ್‌ನೂನ್! ಪ್ಲೀಸ್ ಕಮ್! ಪ್ಲೀಸ್ ಸಿಟ್ ಡೌನ್!" ಅಂದ. ಕೋತಿ ಮೇಡಂ ಕುರ್ಚಿ ಮೇಲೆ ಕೂತಿತು. ತಿಪ್ಪೇಶಿ ಮೇಡಂ ಊಟದ ಡಬ್ಬಿ ಬಿಚ್ಚಿ ಮುಂದಿಟ್ಟ. ಕೋತಿ ಚಿತ್ರಾನ್ನ ತಿಂದಿತು, ಬಾಳೆಹಣ್ಣು ತಿಂದಿತು, ಮೆಲ್ಲೋಕೆ ಅಂತ ನಾಲ್ಕು ಪ್ರಶ್ನೆಪತ್ರಿಕೆಯನ್ನೂ ತಿಂದಿತು. ಹನ್ನೊಂದು ಜನ ಇದೇ ಪಾಠ ಅಂದ್ಕೊಂಡು, ಎದ್ದು ನಿಂತು, ಕೈ ಮುಗಿದು, "ಪ್ಲೀಸ್ ಸಿಟ್ ಡೌನ್!" ಅಂತ ಹೇಳುತ್ತಿದ್ದರು. ಹನ್ನೊಂದು ಅಂದೆನಾ? ಹತ್ತು. ತಾಂಗ್ ತುಟಿ ಮಾತ್ರ ಅಲ್ಲಾಡಿತು, ದನಿ ಹೊರಡಲಿಲ್ಲ.

"ತಿಪ್ಪೇಶೀ!" ಅಂತ ಮೇಡಂ ಕಿರುಚಿದ ರಭಸಕ್ಕೆ ಕೋತಿ ಬೆಟ್ಟ ಸೇರಿತು.

ಸಂಜೆ ಗಿರಿಯವ್ವ ಸೌದೆ ಎತ್ತಿಕೊಂಡಳು. "ಹುಚ್ಚುಮುಂಡೇದೆ! ಕೋತೀಗೆ ಯಾರಾದರೂ ಮಣೆ ಹಾಕ್ತಾರಾ? ಬೇರೆಯವರ ತಿಂಡಿಗೆ ಕೈ ಹಾಕೋಕೆ ಬಂದರೆ ಕೋಲು ತಗೋಬೇಕು. ಹೋಯ್ ಅಂತ ಕಿರುಚಬೇಕು. ಗೇಟಿನ ತನಕ ಅಟ್ಟಬೇಕು!"

"ಹಂಗೇ ಆಗ್ಲಿ ಕಣವ್ವ. ಹೇಳಿದಂಗೇ ಮಾಡ್ತೀನಿ."

ಮಾರನೇ ದಿನ ಕೋಲು ಹಿಡ್ಕೊಂಡು ಕಾದ. ಕೋತಿ ಬರಲಿಲ್ಲ. ನಾಲ್ಕು ಗಂಟೆಗೆ ಕ್ಯಾಂಟೀನಿಂದ ಚಹಾ ಬಂತು, ಒಂದು ತಟ್ಟೆ ಬನ್ನು ಬಂತು. ಕ್ಯಾಂಟೀನಿನವನು "ಇದನ್ನ ಇಲ್ಲಿಡು" ಅಂದ, ಯಾರಿಗೆ ಅಂತ ಹೇಳಲಿಲ್ಲ. ತಾಂಗ್ ಎದ್ದು ತಟ್ಟೆಗೆ ಕೈ ಹಾಕಿದ.

"ಹೋಯ್! ಗೆಟ್ ಔಟ್!"

ಕೋಲು ಗಾಳೀಲಿ ಸುಯ್ ಅಂದಿತು. ತಾಂಗ್ ಓಡಿದ. ತಾಂಗ್ ಓಡಿದ್ದು ನೋಡಿ ಹತ್ತೂ ಜನ ಓಡಿದರು. ಹನ್ನೊಂದು ಜನ ಮುಂದೆ, ತಿಪ್ಪೇಶಿ ಹಿಂದೆ. ಗೋಡೌನ್ ಸುತ್ತಿದರು, ಕ್ಯಾಂಟೀನ್ ಸುತ್ತಿದರು. ತಾಂಗ್ ನೀರಿನ ಟ್ಯಾಂಕಿನ ಏಣಿ ಹತ್ತಿ, ಒಂದು ಕೈಲಿ ಬನ್ನು ಒಂದು ಕೈಲಿ ಏಣಿ ಹಿಡ್ಕೊಂಡು ಕೂಗಿದ.

"ನೋ ಬ್ರದರ್! ಪ್ಲೀಸ್ ಸ್ಟಾಪ್! ಐ ಆ್ಯಮ್ ಓಲ್ಡ್ ಮ್ಯಾನ್! ದಿಸ್ ಈಸ್ ಮೈ ಬನ್!"

ಮೇಡಂ ಏಣಿ ಕೆಳಗೆ ಬಾಯಿ ತೆರೆದು ನಿಂತುಬಿಟ್ಟರು. "ತಾಂಗ್! ಮಾತಾಡಿದ್ರಿ! ನಾಲ್ಕು ವಾಕ್ಯ ಮಾತಾಡಿದ್ರಿ!"

ಏಣಿ ಮೇಲಿದ್ದ ತಾಂಗ್‌ಗೂ ಆಗಲೇ ಗೊತ್ತಾದದ್ದು. ಬನ್ನು ನೋಡಿಕೊಂಡ, ಮೇಡಂ ಮುಖ ನೋಡಿದ, ಕಣ್ಣಲ್ಲಿ ನೀರು ತುಂಬಿಕೊಂಡು ಇನ್ನೊಂದು ಸಲ ಮೆಲ್ಲಗೆ ಹೇಳಿದ. "ದಿಸ್ ಈಸ್ ಮೈ ಬನ್."

ಪಾಲಾಕ್ಷಪ್ಪನವರು ಗೇಟ್‌ಪಾಸ್ ಕಿತ್ಕೊಳ್ಳೋಕೆ ಬಂದಿದ್ದರು. "ಪರೀಕ್ಷೆ ತನಕ ಇರಲಿ ಸಾರ್, ನನ್ನ ಮೂರು ವಾರದಲ್ಲಿ ಆಗದ್ದು ಇವನ ಕೋಲಿಂದ ಆಯ್ತು" ಅಂತ ಮೇಡಂ ತಡೆದರು. ತಿಪ್ಪೇಶಿ ಕೆಲಸ ಒಂದು ಕೂದಲೆಳೆಯಲ್ಲಿ ಉಳಿಯಿತು.

ಆದರೆ ಅವ್ವ ಬಿಡ್ತಾಳಾ? "ಪರದೇಶದಿಂದ ಬಂದೋರನ್ನ ಅಟ್ಟಾಡಿಸ್ತೀಯೇನೋ ಪಾಪಿ! ಯಾರಾದರೂ ಓಡ್ತಾ ಇದ್ದರೆ ನಿಲ್ಲಿಸಿ ಮಾತಾಡಿಸಬೇಕು. ಹೆಂಗಿದೀರ, ಮನೇಲೆಲ್ಲ ಹೆಂಗಿದಾರೆ, ಏನು ಊಟ ಮಾಡಿದ್ರಿ ಅಂತ ವಿಚಾರಿಸಬೇಕು. ಉತ್ತರ ಹೇಳೋ ತನಕ ಬಿಡಬಾರದು!"

"ಹಂಗೇ ಆಗ್ಲಿ ಕಣವ್ವ. ಹೇಳಿದಂಗೇ ಮಾಡ್ತೀನಿ."

ಮಾರನೇ ದಿನ ಪಾಲಾಕ್ಷಪ್ಪನವರು ಯಾರದೋ ಮದುವೆ ಮನೇಲಿ ಉಂಡು ಬಂದಿದ್ದರು. ಮೂರು ಗಂಟೆಗೆ ಆಫೀಸಿನಿಂದ ಹೊರಟರು. ನಡೆದುಕೊಂಡಲ್ಲ, ಓಡಿಕೊಂಡು. ಎರಡೂ ಕೈಯಲ್ಲಿ ಹೊಟ್ಟೆ ಹಿಡ್ಕೊಂಡು ಕಕ್ಕಸಿನ ಕಡೆಗೆ! ಬಾಗಿಲಿಗೆ ಅಡ್ಡ ನಿಂತ ತಿಪ್ಪೇಶಿ.

"ಹೌ ಆರ್ ಯೂ ಸಾರ್?"

"ಬಿಡೋ ದಾರಿ!"

"ಇಲ್ಲಿ ಕನ್ನಡ ಆಡಂಗಿಲ್ಲ ಸಾರ್. ಹೌ ಈಸ್ ಯುವರ್ ಫ್ಯಾಮಿಲಿ?"

"ಗುಡ್! ಗುಡ್! ಬಿಡೋ!"

"ವಾಟ್ ಡಿಡ್ ಯೂ ಈಟ್ ಸಾರ್?"

ಪಾಲಾಕ್ಷಪ್ಪನವರು ಅಂದು ತಿಂದದ್ದನ್ನೆಲ್ಲ ಒಂದೇ ಉಸಿರಲ್ಲಿ ಹೇಳಿದರು. ಹೋಳಿಗೆಗೆ ಇಂಗ್ಲಿಷ್ ಸಿಗದೆ ಕಣ್ಣು ಕಣ್ಣು ಬಿಟ್ಟರು. ಆಗ ಹಿಂದಿನಿಂದ ತಾಂಗ್ ಬಂದು ತಿಪ್ಪೇಶಿ ಹೆಗಲ ಮೇಲೆ ಕೈ ಇಟ್ಟು, "ಬ್ರದರ್, ಹೀ ಈಸ್ ನಾಟ್ ಫೈನ್. ಲೆಟ್ ಹಿಮ್ ಗೋ" ಅಂದ. ತಾಂಗ್ ಹೇಳಿದನಲ್ಲ, ತಿಪ್ಪೇಶಿ ಬಿಟ್ಟ. ಕೆಲಸ ಇನ್ನೊಂದು ಕೂದಲೆಳೆಯಲ್ಲಿ ಉಳಿಯಿತು.

ಅವತ್ತು ಗಿರಿಯವ್ವ ಬೈಯಲಿಲ್ಲ. ಗೋಡೆಗೆ ಒರಗಿ ಕೂತು ಅತ್ತಳು. "ನಾಳೆ ಪರೀಕ್ಷೆ ಕಣೋ ಮಗನೆ. ನಾಳೆ ಒಂದಿನ ದಾಟಿದರೆ ನೀನು ಗೆದ್ದೆ. ನಿಂಗೆ ಕೈ ಮುಗೀತೀನಿ, ನಾಳೆ ಬಾಯೇ ಬಿಡಬೇಡ. ಯಾರು ಏನೇ ಕೇಳಲಿ, ತುಟಿ ಪಿಟಕ್ ಅನ್ನಬೇಡ. ಗೋಡೆ ಮೇಲೆ ಬೋರ್ಡ್ ಇರ್ತದಲ್ಲ, ಬೆರಳು ಮಾಡಿ ಅದನ್ನ ತೋರಿಸು, ಸಾಕು."

"ಹಂಗೇ..." ಅನ್ನೋಕೆ ಹೋದ. ಅವ್ವ ಬಾಯಿ ಮುಚ್ಚಿದಳು.

ಪರೀಕ್ಷೆ ಮಾಡೋಕೆ ಬೆಂಗಳೂರಿಂದ ಒಬ್ಬ ಹಿರಿಯರು ಬರೋರಿದ್ದರು. ಅವರಿಗೆ ಅಂತ ಪಾಲಾಕ್ಷಪ್ಪನವರು ಬೆಳಗ್ಗೆ ತಾನೇ ಮರದ ಕುರ್ಚಿಗೆ ಹಸಿರು ಎಣ್ಣೆಬಣ್ಣ ಹೊಡೆಸಿದ್ದರು. ಗೋಡೆ ಮೇಲೆ ಇಂಗ್ಲಿಷಿನಲ್ಲಿ ಒಂದು ಬೋರ್ಡೂ ತೂಗಿತ್ತು. ಮ್ಯಾನೇಜರು, ಮೇಡಂ ಹಾರ ಹಿಡ್ಕೊಂಡು ಮುಂದಿನ ಗೇಟಲ್ಲಿ ನಿಂತರು. ಹಿರಿಯರು ಹಿಂದಿನ ಗೇಟಿಂದ ಬಂದುಬಿಟ್ಟರು.

"ಇದೇನಪ್ಪ ಪರೀಕ್ಷೆ ಕೋಣೆ?" ತಿಪ್ಪೇಶಿ ಬೋರ್ಡು ತೋರಿಸಿದ.

"ನಿನ್ನ ಹೆಸರೇನು?" ಬೋರ್ಡು ತೋರಿಸಿದ.

"ಕುಡಿಯೋಕೆ ನೀರಿದೆಯಾ?" ಬೋರ್ಡು ತೋರಿಸಿದ.

ಹಿರಿಯರು ಕನ್ನಡಕ ತೆಗೆದು ಒರೆಸುತ್ತಾ ಕುರ್ಚಿ ಕಡೆ ತಿರುಗಿದರು. ಬಿಳಿ ಪ್ಯಾಂಟು, ಹಸಿರು ಬಣ್ಣ! ತಿಪ್ಪೇಶಿ ಬೋರ್ಡಿನ ಹತ್ತಿರ ಓಡಿದ. ಬಾಯಿ ಬಿಟ್ಟರೆ ಅವ್ವನ ಮಾತು ಮುರೀತದೆ. ಟಪಟಪ ಅಂತ ಬೋರ್ಡನ್ನ ಬೆರಳಲ್ಲಿ ಕುಟ್ಟಿದ. ಹಿರಿಯರಿಗೆ ಕಾಣಲಿಲ್ಲ. ಬೆಂಚಿನ ಮೇಲೆ ಕೂತಿದ್ದ ತಾಂಗ್‌ಗೆ ಕಂಡಿತು. ಬೆರಳು ನೋಡಿದ, ಬೋರ್ಡು ನೋಡಿದ, ಓದಿದ, ಎದ್ದ.

"ಸರ್! ವೆಟ್ ಪೇಂಟ್! ಡು ನಾಟ್ ಸಿಟ್!"

ಹಿರಿಯರು ಅರ್ಧ ಬಗ್ಗಿದವರು ಹಾಗೇ ನಿಂತರು.

"ದಿಸ್ ಚೇರ್ ಈಸ್ ಬ್ಯಾಡ್ ಫಾರ್ ಯುವರ್ ಟ್ರೌಸರ್ಸ್" ಅಂದ ಇನ್ನೊಬ್ಬ.

"ಕಮ್ ಹಿಯರ್ ಸರ್, ಸಿಟ್ ವಿತ್ ಅಸ್!" ಅಂತ ಮತ್ತೊಬ್ಬ ಸರಿದು ಜಾಗ ಕೊಟ್ಟ.

ಹಿರಿಯರು ಗಹಗಹಿಸಿ ನಕ್ಕು ಅವರ ಮಧ್ಯೆ ಹೋಗಿ ಕೂತರು. "ಓದಿಸಿದ, ಮಾತಾಡಿಸಿದ, ಪದವನ್ನೂ ಹೇಳಿಸಿದ. ನಾನು ಕೇಳೋದನ್ನೆಲ್ಲ ಈ ಪುಣ್ಯಾತ್ಮ ಬಾಯಿ ಬಿಡದೇ ಕೇಳಿಬಿಟ್ಟನಲ್ಲ!" ಅಂದರು. ಹಾಗಂತ ಪರೀಕ್ಷೆ ಬಿಡಲಿಲ್ಲ; ಒಂದು ಗಂಟೆ ಬರೆಸಿದರು, ಒಂದು ಗಂಟೆ ಕೇಳಿದರು. ಹನ್ನೊಂದರಲ್ಲಿ ಒಂಬತ್ತು ಜನ ಪಾಸು. ತಾಂಗೂ ಪಾಸು! ಉಳಿದಿಬ್ಬರಿಗೆ ಹದಿನೈದು ದಿನ ಬಿಟ್ಟು ಇನ್ನೊಂದು ಸಲ. ಅವರಿಬ್ಬರೂ ಮೇಡಂ ಹತ್ತಿರ ಹೋಗಿ, ಈ ಸಲ ತಿಪ್ಪೇಶಿಯೇ ಪಾಠ ಹೇಳಲಿ ಅಂತ ಕೇಳ್ಕೊಂಡರಂತೆ.

ಪಾಲಾಕ್ಷಪ್ಪನವರು ಹಿಗ್ಗಿ ಹೀರೇಕಾಯಾಗಿ ತಿಪ್ಪೇಶಿ ಬೆನ್ನು ತಟ್ಟಿದರು. "ನೀನು ಕಾಯಂ ಕಣಯ್ಯ! ತಗೋ ಆರ್ಡರ್ ಕಾಗದ. ಹೊಸ ಬ್ಯಾಚ್ ಬರ್ತದೆ, ಇನ್ನು ಈ ಕೋಣೆ ನಿಂದು, ಈ ಕುರ್ಚಿ ನಿಂದು. ಕೂತ್ಕೊ! ಐದು ಗಂಟೆ ತನಕ ಏಳಬೇಡ!"

"ಬ್ರದರ್, ವೆಟ್ ಪೇಂಟ್!" ಅಂತ ತಾಂಗ್ ಕೂಗಿದ. ತಿಪ್ಪೇಶಿ ಅಷ್ಟರಲ್ಲಿ ಕೂತಾಗಿತ್ತು. ಕೂತ್ಕೊ ಅಂದದ್ದು ಮ್ಯಾನೇಜರಲ್ಲವಾ!

ಐದು ಗಂಟೆ ಹೊಡೀತು. ತಿಪ್ಪೇಶಿ ಎದ್ದ. ಕುರ್ಚಿಯೂ ಎದ್ದಿತು. ತಾಂಗ್ ಮುಂದಿಂದ ಎಳೆದ, ಇಬ್ಬರು ಹಿಂದಿಂದ ಜಗ್ಗಿದರು. ಬರಲಿಲ್ಲ. ಹಾಗೇ ಬಸ್ಸು ಹತ್ತಿದ.

"ಸೀಟಿಲ್ಲ ಕಣಯ್ಯ!" ಅಂದ ಕಂಡಕ್ಟರ್.

ತಿಪ್ಪೇಶಿ ಬೆರಳು ಮಾಡಿ ತನ್ನ ಹಿಂದಿನ ಕುರ್ಚಿ ತೋರಿಸಿ, ಮಧ್ಯದಲ್ಲೇ ಕೂತ.

ಗಿರಿಯವ್ವ ಬಾಗಿಲಲ್ಲೇ ಕಾಯ್ತಿದ್ದಳು. ಮಗ ಬಂದ. ಸೊಂಟ ಬಗ್ಗಿಸಿಕೊಂಡು ಬಂದ. ಕೈಲೊಂದು ಕಾಗದ, ಹಿಂದೊಂದು ಕುರ್ಚಿ.

"ಅಯ್ಯೋ ನನ್ನ ಕಂದ, ಇದೂ ಹೋಯ್ತೇನೋ?"

ತಿಪ್ಪೇಶಿ ಅಂಗಳದ ನಡುವೆ ಕುರ್ಚಿ ಊರಿ, ರಾಜನ ಹಾಗೆ ಕೂತು, ಬೆಳಗಿನಿಂದ ಮುಚ್ಚಿದ್ದ ಬಾಯನ್ನ ಅವ್ವನ ಮುಂದೆ ಪೂರ್ತಿ ತೆರೆದು ನಕ್ಕ.

"ಇಲ್ಲ ಕಣವ್ವ, ಕಾಯಂ ಆಯ್ತು! ಬೇಕಾದ್ರೆ ಎಬ್ಬಿಸಿ ನೋಡು, ಏಳೋಕೇ ಆಗ್ತಿಲ್ಲ!"